ಕರುವಿನ ತೂಕಕ್ಕೆ ಯಾರು ಹೊಣೆ?

ನಾನು ಮಂಡ್ಯ ಕಡೆಯವನು. ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಒಂಬತ್ತು ವರ್ಷ ಆಯ್ತು. ಸಾಫ್ಟ್‌ವೇರ್ ಕೆಲಸದವನು ದನದ ತೂಕದ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನೀವು ಕೇಳಬಹುದು. ಎರಡು ಕಾರಣ ಇದೆ. ಒಂದು, ಕೆಲಸದಲ್ಲಿ ನಾನು ಮಾಡಿದ ತಪ್ಪು. ಇನ್ನೊಂದು, ನಮ್ಮನೆಯ ಜಗಳ.

ಜಗಳ ಮೊದಲು ಹೇಳ್ತೀನಿ. ನಮ್ಮ ಮಗನಿಗೆ ನಾಲ್ಕು ವರ್ಷ. ಸ್ವಲ್ಪ ಸಣ್ಣ. ವಿಡಿಯೋ ಕಾಲ್ ಮಾಡಿದಾಗೆಲ್ಲ ನಮ್ಮಮ್ಮ, "ಆ ಊರ ನೀರು ಒಗ್ಗಿಲ್ಲ ಕಣೋ ಮಗೀಗೆ, ರಾಗಿ ಇಲ್ಲ, ಗಟ್ಟಿ ಹಾಲಿಲ್ಲ" ಅಂತಾರೆ. ನಮ್ಮತ್ತೆ, "ಅಳಿಯಂದ್ರೆ, ನಿಮ್ ಕಡೆಯವರೆಲ್ಲ ಕಡ್ಡಿ ಥರಾನೇ ಅಲ್ವಾ" ಅಂತಾರೆ. ಒಬ್ಬರದು ಪರಿಸರವಾದ, ಇನ್ನೊಬ್ಬರದು ವಂಶವಾದ. ಎರಡೂ ಕೊನೆಗೆ ಬಂದು ಬೀಳೋದು ಮಾತ್ರ ತಟ್ಟೆ ಹಿಡಿದು ಮಗನ ಹಿಂದೆ ಓಡೋ ನನ್ನ ಹೆಂಡತಿ ಮೇಲೆ.

ಈಗ ತಪ್ಪಿನ ಕಥೆ. ಕೆಲವು ವರ್ಷದ ಹಿಂದೆ ಅಮೆರಿಕದ ಒಂದು ಕ್ಲೈಂಟ್‌ಗೆ ಡ್ಯಾಶ್‌ಬೋರ್ಡ್ ಮಾಡ್ತಿದ್ವಿ. ಮಾಂಸಕ್ಕಾಗಿ ಸಾಕೋ ದನಗಳ ದಾಖಲೆ. ಇಲ್ಲಿ ಊಟದ ವಿಚಾರದ ಚರ್ಚೆ ಬೇಡ. ನಮಗೆ ಬೇಕಿರೋದು ಲೆಕ್ಕ. ಯಾವ ಕರು ಚೆನ್ನಾಗಿದೆ, ಯಾವ ಹೋರಿಯನ್ನು ತಳಿಗೆ ಉಳಿಸಬೇಕು ಅನ್ನೋದನ್ನು ತೋರಿಸಬೇಕಿತ್ತು. ನಾನು ಹಾಲು ಬಿಡಿಸಿದ ದಿನದ ತೂಕ ತಗೊಂಡು, ಹೆಚ್ಚಿಂದ ಕಮ್ಮಿಗೆ ಸಾರ್ಟ್ ಮಾಡಿ, ಕೆಳಗಿನವಕ್ಕೆ ಕೆಂಪು ಬಣ್ಣ ಹಾಕಿದೆ. ಕೆಂಪು ಅಂದ್ರೆ ಮಾರಾಟಕ್ಕೆ.

ಡೆಮೊ ದಿನ ಅವರ ಕಡೆಯ ಪಶುತಳಿ ತಜ್ಞೆ ಒಂದೇ ಪ್ರಶ್ನೆ ಕೇಳಿದರು: "ತಾಯಿಯ ವಯಸ್ಸಿನ ಕಾಲಂ ಎಲ್ಲಿ?" ನಾನು ಅದನ್ನು ಬೇಡ ಅಂತ ತೆಗೆದು ಹಾಕಿದ್ದೆ.

ಅವರು ಲೆಕ್ಕ ಹೇಗೆ ಮಾಡ್ತಾರೆ ನೋಡಿ. ಎರಡು ಗಂಡು ಕರು ಅಂದುಕೊಳ್ಳಿ. ಮೊದಲನೆಯದು ಹುಟ್ಟಿದಾಗ 35 ಕೆಜಿ, 230ನೇ ದಿನಕ್ಕೆ 242 ಕೆಜಿ. ಎರಡನೆಯದು ಹುಟ್ಟಿದಾಗ 33 ಕೆಜಿ, 190ನೇ ದಿನಕ್ಕೆ 204 ಕೆಜಿ. ನನ್ನ ಪಟ್ಟಿಯಲ್ಲಿ ಮೊದಲನೆಯದು ಮೇಲೆ, ಎರಡನೆಯದು ಕೆಂಪು. ಆದರೆ ಮೊದಲನೆಯದಕ್ಕೆ 40 ದಿನ ಹೆಚ್ಚು ಸಿಕ್ಕಿದೆ. ದಿನದ ಲೆಕ್ಕ ತೆಗೆದರೆ ಎರಡೂ ದಿನಕ್ಕೆ 900 ಗ್ರಾಂ ಬೆಳೆದಿವೆ. ಅದಕ್ಕೇ ಅಲ್ಲಿ ಎಲ್ಲ ಕರುಗಳ ತೂಕವನ್ನೂ 205ನೇ ದಿನಕ್ಕೆ ತಂದು ಹೋಲಿಸ್ತಾರೆ. ಹಾಗೆ ತಂದರೆ ಮೊದಲನೆಯದು 219.5, ಎರಡನೆಯದು 217.5. ಹೆಚ್ಚು ಕಮ್ಮಿ ಸಮ.

ಇನ್ನೂ ಮುಗಿದಿಲ್ಲ. ಮೊದಲನೆಯದರ ತಾಯಿಗೆ ಆರು ವರ್ಷ. ಎರಡನೆಯದರ ತಾಯಿಗೆ ಎರಡೇ ವರ್ಷ, ಚೊಚ್ಚಲ ಸೂಲು. ಅದರದ್ದೇ ಮೈ ಇನ್ನೂ ಬೆಳೀತಾ ಇರುತ್ತೆ, ಹಾಲು ಕಮ್ಮಿ. ಅಲ್ಲಿನ ರೂಢಿಯ ಪ್ರಕಾರ ಅಂಥ ತಾಯಿಯ ಗಂಡು ಕರುವಿಗೆ 60 ಪೌಂಡ್, ಅಂದ್ರೆ ಸುಮಾರು 27 ಕೆಜಿ ಸೇರಿಸ್ತಾರೆ. ಐದರಿಂದ ಹತ್ತು ವರ್ಷದ ಹಸುವಿನ ಕರುವಿಗೆ ಏನೂ ಸೇರಿಸಲ್ಲ. ಈಗ ಎರಡನೆಯದು 244.5. ನಾನು ಕೆಂಪು ಹಾಕಿದ ಕರುವೇ 25 ಕೆಜಿ ಮುಂದಿದೆ! ಆ ಪಟ್ಟಿ ಹಾಗೇ ಹೋಗಿದ್ದರೆ ಒಳ್ಳೇ ಕರುವನ್ನೇ ಮಾರಿಬಿಡ್ತಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಷ್ಟಾದ ಮೇಲೂ ಹೋಲಿಕೆ ಮಾಡೋದು ಒಂದೇ ಗುಂಪಿನೊಳಗೆ. ಒಂದೇ ಹಿಂಡು, ಒಂದೇ ಕಾಲದಲ್ಲಿ ಹುಟ್ಟಿದವು, ಒಂದೇ ಲಿಂಗ, ಒಂದೇ ಮೇವು. ಬರಗಾಲದ ವರ್ಷದ ಕರುವನ್ನು ಮಳೆ ಚೆನ್ನಾಗಿದ್ದ ವರ್ಷದ ಕರು ಪಕ್ಕ ನಿಲ್ಲಿಸಲ್ಲ. ನಮ್ಮ ಅಪ್ರೈಸಲ್‌ನಲ್ಲಿ ಇಷ್ಟು ನ್ಯಾಯ ಸಿಕ್ಕರೆ ಸಾಕಿತ್ತು ಅಂತ ನಿಮಗೂ ಅನ್ನಿಸಿರಬೇಕು.

ಹಾಗಾದ್ರೆ ವಂಶದ ಪಾಲು ಎಷ್ಟು? ಹಾಲು ಬಿಡಿಸುವ ತೂಕಕ್ಕೆ ಅನುವಂಶೀಯತೆ ಸುಮಾರು 0.25 ಅಂತಾರೆ. ಒಂದು ವರ್ಷದ ತೂಕಕ್ಕೆ ಸುಮಾರು 0.4. ಇದನ್ನು ನಾನು ಮೊದಲು ತಪ್ಪಾಗಿ ಓದಿದ್ದೆ. 200 ಕೆಜಿ ಕರುವಿನಲ್ಲಿ 50 ಕೆಜಿ ಜೀನ್‌ನದು, ಮಿಕ್ಕಿದ್ದು ಮೇವಿನದು ಅಂತ ಅರ್ಥ ಅಲ್ಲ. ಹಿಂಡಿನಲ್ಲಿ ಒಂದು ಕರುವಿಗೂ ಇನ್ನೊಂದಕ್ಕೂ ಕಾಣೋ ವ್ಯತ್ಯಾಸದಲ್ಲಿ ಕಾಲು ಭಾಗ ಜೀನ್‌ಗಳ ವ್ಯತ್ಯಾಸದಿಂದ ಬಂದಿದೆ ಅಂತ. ಗುಂಪಿನ ಮಾತು ಅದು, ಒಂದು ಕರುವಿನ ಮಾತಲ್ಲ. ತಂದೆ ತಾಯಿ ಎರಡೂ ತಮ್ಮ ಗುಂಪಿನ ಸರಾಸರಿಗಿಂತ 40 ಕೆಜಿ ಮೇಲಿದ್ದರೆ, ಮಕ್ಕಳಲ್ಲಿ ನಿರೀಕ್ಷೆ ಮಾಡಬಹುದಾದ್ದು 10 ಕೆಜಿ ಅಷ್ಟೇ.

ತಾಯಿಯ ಹಾಲು ಯಾವ ಕಡೆಗೆ ಸೇರುತ್ತೆ ಅನ್ನೋದು ಇನ್ನೂ ಸ್ವಾರಸ್ಯ. ಹೆಚ್ಚು ಹಾಲು ಕೊಡೋ ಗುಣ ಹಸುವಿನ ಜೀನ್‌ನಲ್ಲಿದೆ. ಆದರೆ ಕರುವಿಗೆ ಆ ಹಾಲು ಪರಿಸರ. ಒಬ್ಬರ ವಂಶವೇ ಇನ್ನೊಬ್ಬರ ವಾತಾವರಣ. ಇವನ್ನೆಲ್ಲ ಒಟ್ಟಿಗೆ ಬಿಡಿಸೋ ಗಣಿತ ಕೊಟ್ಟವರು ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್. ನಮ್ಮಲ್ಲಿ ಡೇಟಾ ಸೈನ್ಸ್ ಮಾಡೋರು ಬಳಸೋ ಮಿಕ್ಸೆಡ್ ಮಾಡೆಲ್‌ಗಳಿಗೆ ಇವರ ದನದ ಲೆಕ್ಕದ ಋಣ ದೊಡ್ಡದು.

ಇನ್ನೊಂದು ಪ್ರಯೋಗ ಹೇಳಲೇಬೇಕು. ಮೊಂಟಾನಾದ ಮೈಲ್ಸ್ ಸಿಟಿಯಲ್ಲಿ ಹೆರ್ಫರ್ಡ್ ದನಗಳ "ಲೈನ್ 1" ಅನ್ನೋ ಸಾಲು 1934ರಿಂದ ಇದೆ. 2009ರಲ್ಲಿ ಪ್ರಕಟವಾದ ಹಸುವಿನ ಜೀನೋಮ್ ಇದೇ ಸಾಲಿನ ಡಾಮಿನೆಟ್ ಎಂಬ ಹಸುವಿನದು. 1960ರ ದಶಕದಲ್ಲಿ ಆ ಸಾಲಿನ ಒಂದಷ್ಟು ದನಗಳನ್ನು ಫ್ಲಾರಿಡಾದ ಬ್ರೂಕ್ಸ್‌ವಿಲ್‌ಗೂ, ಫ್ಲಾರಿಡಾದ ಹೆರ್ಫರ್ಡ್‌ಗಳನ್ನು ಮೊಂಟಾನಾಗೂ ಸಾಗಿಸಿದರು. ಒಂದು ಕಡೆ ಕೊರೆಯೋ ಚಳಿ, ಇನ್ನೊಂದು ಕಡೆ ಸೆಕೆ. ಎರಡೂ ಒಂದೇ ತಳಿ. ಆದರೂ ಮೊಂಟಾನಾದಲ್ಲಿ ಮೊಂಟಾನಾದವೇ ಚೆನ್ನಾಗಿ ಬೆಳೆದವು, ಫ್ಲಾರಿಡಾದಲ್ಲಿ ಫ್ಲಾರಿಡಾದವೇ. ಅಂದರೆ "ಅತ್ಯುತ್ತಮ ಹೋರಿ ಯಾವುದು" ಅಂತ ಬರೀ ಕೇಳಿದರೆ ಉತ್ತರ ಇಲ್ಲ. ಯಾವ ಊರಿಗೆ ಅಂತ ಸೇರಿಸಿ ಕೇಳಬೇಕು.

ಹಾಗಂತ ವಲಸೆ ಹೋದವರೆಲ್ಲ ಸೊರಗ್ತಾರೆ ಅಂತಲೂ ಅಲ್ಲ. ಇಲ್ಲಿಂದ ಒಂದು ರಾತ್ರಿಯ ಬಸ್ ದಾರಿಯಲ್ಲಿರೋ ಒಂಗೋಲಿನ ದನಗಳು ಬ್ರೆಜಿಲ್‌ಗೆ ಹೋಗಿ, ನೆಲ್ಲೂರಿನ ಹೆಸರಲ್ಲಿ "ನೆಲೋರೆ" ಆಗಿ, ಇವತ್ತು ಆ ದೇಶದ ದನಗಳಲ್ಲಿ ಬಹುಪಾಲು ಅವೇ. ಅಲ್ಲಿನ ಬಿಸಿಲು, ಹುಲ್ಲು, ಉಣ್ಣೆಗಳ ಕಾಟ ಅವಕ್ಕೆ ಹೊಸದಾಗಿರಲಿಲ್ಲ.

ಈಗ ಮತ್ತೆ ನಮ್ಮನೆಗೆ ಬರೋಣ. ಮಗನನ್ನು ಡಾಕ್ಟರ್ ಹತ್ರ ಕರೆದುಕೊಂಡು ಹೋದ್ವಿ. ಅವರು ತೂಕ ನೋಡಿ ಸುಮ್ಮನೆ ತೀರ್ಪು ಕೊಡಲಿಲ್ಲ. ವಯಸ್ಸು, ಗಂಡೋ ಹೆಣ್ಣೋ ನೋಡಿ, ಬೆಳವಣಿಗೆಯ ಚಾರ್ಟ್ ತೆಗೆದು, ಹುಟ್ಟಿದಾಗಿನಿಂದ ಚುಕ್ಕಿ ಇಟ್ಟುಕೊಂಡು ಬಂದರು. ನನಗೆ ಆ 205 ದಿನದ ಲೆಕ್ಕವೇ ನೆನಪಾಯ್ತು. ಗೆರೆ ಕೆಳಗಿತ್ತು, ಆದರೆ ಎಲ್ಲೂ ಜಾರಿರಲಿಲ್ಲ. "ಅವನ ದಾರಿಯಲ್ಲಿ ಅವನು ಸರಿಯಾಗೇ ಹೋಗ್ತಿದ್ದಾನೆ" ಅಂದರು.

ಆ ಚಾರ್ಟ್ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ತಂದದ್ದು. ಆರು ದೇಶದ ಮಕ್ಕಳನ್ನು ಅಳೆದಿದ್ದರು, ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಎದೆಹಾಲು, ಊಟ, ಆರೈಕೆ ಸರಿಯಾಗಿ ಸಿಕ್ಕ ಮಕ್ಕಳ ಎತ್ತರದಲ್ಲಿ ದೇಶ ದೇಶದ ನಡುವೆ ಕಂಡ ವ್ಯತ್ಯಾಸ ಸಣ್ಣದು. ಒಂದೇ ಊರಿನ ಮಗುವಿಗೂ ಮಗುವಿಗೂ ಇದ್ದ ವ್ಯತ್ಯಾಸ ದೊಡ್ಡದು. ನಮ್ಮಮ್ಮನೂ ಅರ್ಧ ಸರಿ, ನಮ್ಮತ್ತೆಯೂ ಅರ್ಧ ಸರಿ.

ಒಂದು ಮಾತು, ಹೆಂಡತಿಯ ಪರ್ಮಿಷನ್ ತಗೊಂಡೇ ಹೇಳ್ತಿದ್ದೀನಿ. ಅವಳಿಗೆ ಅದು ಮೊದಲ ಮಗು. ಊರು ಹೊಸದು, ಪಕ್ಕದಲ್ಲಿ ಅಮ್ಮ ಇಲ್ಲ, ರಜೆ ಮುಗಿದ ಕೂಡಲೇ ಲಾಗಿನ್. ಆ ಕಾಲಂ ಅನ್ನು ನಾವ್ಯಾರೂ ನೋಡಿರಲಿಲ್ಲ. ನಾನಂತೂ ಡೇಟಾದಿಂದಲೇ ತೆಗೆದು ಹಾಕಿದ್ದೆ.

ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಆ ಚಾರ್ಟ್ ಅನ್ನು ಎರಡೂ ಅಜ್ಜಿಯರಿಗೆ ತೋರಿಸಿದೆ. ನಮ್ಮಮ್ಮ ಸ್ವಲ್ಪ ಹೊತ್ತು ನೋಡಿ, "ಸರಿ ಬಿಡು, ಆದ್ರೂ ರಾಗಿ ಹಿಟ್ಟು ಕಳಿಸ್ತೀನಿ" ಅಂದರು. ಕಳಿಸಲಿ, ಒಳ್ಳೇದೇ.