ಸೊಳ್ಳೆಯ ಮರಿಗೆ ವಿಷ, ಮನೆಮಂದಿಗೆ ರಕ್ಷೆ



ಬಾಗಲಗುಂಟೆಯು ಒಂದು ಕಾಲಕ್ಕೆ ಹಳ್ಳಿಯಾಗಿತ್ತು. ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆದಂತೆ ಇಲ್ಲಿ ಮನೆಗಳು ಹೆಚ್ಚಿದವು. ಡ್ರಮ್ಮು, ಸಂಪು, ತೊಟ್ಟಿಗಳಲ್ಲಿ ನೀರು ತುಂಬಿಡುವುದೂ ಹೆಚ್ಚಿತು. ನಿಮ್ಮ ಹಳ್ಳಿಗಳಲ್ಲಿಯೂ ನೀರನ್ನು ಹೀಗೆಯೇ ಕೂಡಿಡುವಿರಿ. ಇಂತಹ ತಿಳಿನೀರಿನಲ್ಲಿಯೇ ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಬೆಳೆಯುತ್ತದೆ. ಗರ್ಭಿಣಿಗೆ ಡೆಂಗೀ ತಗುಲಿದರೆ ರಕ್ತಸ್ರಾವ, ಅವಧಿಗೆ ಮುನ್ನ ಹೆರಿಗೆ ಮೊದಲಾದ ಅಪಾಯಗಳು ಒದಗಬಹುದು. ಆದುದರಿಂದ ಸೊಳ್ಳೆಯ ನಿಯಂತ್ರಣವೂ ಕುಟುಂಬ ಕಲ್ಯಾಣದ ಒಂದು ಅಂಗವಾಗಿದೆ.

ಹಾರುವ ಸೊಳ್ಳೆಯನ್ನು ಅಟ್ಟಿಸುವುದಕ್ಕಿಂತ ನೀರಿನಲ್ಲಿರುವ ಅದರ ಮರಿಯನ್ನು ನಾಶಪಡಿಸುವುದು ಸುಲಭ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಇದಕ್ಕೆ ನೆರವಾಗುವ ಸೂಕ್ಷ್ಮಜೀವಿಯೊಂದು ದೊರೆಯಿತು. ಅದನ್ನು ಬಿ.ಟಿ.ಐ. ಎಂದು ಕರೆಯುತ್ತಾರೆ. ಅದು ತಯಾರಿಸುವ ಹರಳುಗಳನ್ನು ಮರಿಯು ನುಂಗಿದಾಗ, ಅದರ ಕ್ಷಾರಯುಕ್ತ ಕರುಳಿನಲ್ಲಿ ಅವು ಕರಗಿ ವಿಷವಾಗುತ್ತವೆ. ಆ ವಿಷವು ಕರುಳಿಗೆ ರಂಧ್ರಗಳನ್ನು ಕೊರೆದು ಮರಿಯನ್ನು ಕೊಲ್ಲುತ್ತದೆ. ಮನುಷ್ಯನ ಜಠರವು ಆಮ್ಲಯುಕ್ತವಾಗಿದೆ. ವಿಷವು ಅಂಟಿಕೊಳ್ಳುವ ನೆಲೆಯೂ ನಮ್ಮ ಕರುಳಿನಲ್ಲಿಲ್ಲ. ಆದುದರಿಂದ ನಿಗದಿತ ಪ್ರಮಾಣದಲ್ಲಿ ಬಳಸಿದಾಗ ನಮಗೂ ದನಕರುಗಳಿಗೂ ಅಪಾಯವಿಲ್ಲ.

ಆದರೆ ಶತ್ರುವೂ ಉಪಾಯ ಕಲಿಯುತ್ತದೆ. ನೆರೆಯ ಕೇರಳದ ಕೊಚ್ಚಿಯಲ್ಲಿ ಸ್ಫೇರಿಕಸ್ ಎಂಬ ಇನ್ನೊಂದು ಸೂಕ್ಷ್ಮಜೀವಿಯನ್ನು ಬಳಸಿದಾಗ, ಅಲ್ಲಿನ ಕ್ಯೂಲೆಕ್ಸ್ ಸೊಳ್ಳೆಗಳು ಅದನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದವೆಂದು 1995ರಲ್ಲಿ ವರದಿಯಾಯಿತು. ಸ್ಫೇರಿಕಸ್‌ನ ಮುಖ್ಯ ವಿಷವು ಕರುಳಿನ ಒಂದೇ ನೆಲೆಗೆ ಅಂಟುತ್ತದೆ. ಆ ನೆಲೆ ಬದಲಾದರೆ ವಿಷವು ನಿರರ್ಥಕ. ಬಿ.ಟಿ.ಐ.ಯಲ್ಲಿಯಾದರೋ ನಾಲ್ಕು ಮುಖ್ಯ ವಿಷಗಳಿವೆ. ಅವುಗಳಲ್ಲಿ ಸೈಟ್ 1ಎ ಎಂಬುದು ತಾನೇ ಕರುಳಿನ ಪೊರೆಗೆ ಅಂಟಿ, ಜೊತೆಯ ವಿಷಕ್ಕೂ ನೆಲೆಯಾಗುತ್ತದೆ. ಹೀಗಾಗಿ ಸೊಳ್ಳೆಯು ತಪ್ಪಿಸಿಕೊಳ್ಳುವುದು ಕಠಿಣ. ಇದನ್ನರಿತ ವಿಜ್ಞಾನಿಗಳು ಎರಡೂ ಜೀವಿಗಳ ವಿಷಗಳ ವಂಶವಾಹಿಗಳನ್ನು ಒಂದರಲ್ಲಿಯೇ ಕೂಡಿಸಿ, ಹೆಚ್ಚು ಪ್ರಬಲವಾದ ತಳಿಗಳನ್ನು ಪ್ರಯೋಗಾಲಯದಲ್ಲಿ ರೂಪಿಸಿದ್ದಾರೆ.

ವಿಷವು ಎಷ್ಟೇ ಉತ್ತಮವಾಗಿದ್ದರೂ ಬಿಸಿಲಿನಲ್ಲಿ ಅದರ ಶಕ್ತಿ ಕುಂದುತ್ತದೆ. ತಳಕ್ಕಿಳಿದರೆ ಮರಿಗೆ ಸಿಗದು. ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಆದಕಾರಣ ವಾರಕ್ಕೊಂದು ದಿನ ಪತಿ ಪತ್ನಿಯರಿಬ್ಬರೂ ಕೂಡಿ ನೀರಿನ ಪಾತ್ರೆಗಳನ್ನು ಬರಿದುಮಾಡಿ, ಒಳಬದಿಯನ್ನು ಚೆನ್ನಾಗಿ ಉಜ್ಜಿರಿ. ಈಡಿಸ್ ಮೊಟ್ಟೆಗಳು ಪಾತ್ರೆಯ ಗೋಡೆಗಂಟಿ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಸಂಪನ್ನು ಭದ್ರವಾಗಿ ಮುಚ್ಚಿರಿ. ಒಡೆದ ಮಡಕೆ, ತೆಂಗಿನ ಚಿಪ್ಪು, ಹಳೆಯ ಟೈರುಗಳಲ್ಲಿ ಮಳೆನೀರು ನಿಲ್ಲಲು ಬಿಡಬೇಡಿರಿ. ಕುಡಿಯುವ ನೀರಿಗೆ ಆರೋಗ್ಯ ಕಾರ್ಯಕರ್ತರ ಸಲಹೆಯಿಲ್ಲದೆ ಯಾವ ಔಷಧವನ್ನೂ ಹಾಕಬೇಡಿರಿ.

ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವವರಿಗೆ ದಂಡವನ್ನೂ ವಿಧಿಸಿತು. ದಂಡದ ಭಯಕ್ಕಿಂತ ಮಕ್ಕಳ ಮೇಲಿನ ಮಮತೆಯು ದೊಡ್ಡದು. ಜ್ವರ ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಆಸ್ಪಿರಿನ್ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿರಿ.

ವಿಜ್ಞಾನವು ಮದ್ದನ್ನು ಕೊಡಬಲ್ಲದು. ತೊಟ್ಟಿಯನ್ನು ತೊಳೆಯುವ ಕೈಗಳು ನಿಮ್ಮವೇ ಆಗಬೇಕು.