ಊಟಿಯ ಚಹಾ ತೋಟ ಮತ್ತು ನಮ್ಮ ತರಗತಿಯ ಖಾಲಿ ಜಾಗ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶೈಕ್ಷಣಿಕ ಪ್ರವಾಸ ಎಂದಾಕ್ಷಣ ನಮ್ಮ ಮಕ್ಕಳು ಒಕ್ಕೊರಲಿನಿಂದ ಹೇಳುವ ಹೆಸರು ಊಟಿ. ಬಿಸಿಲ ನಾಡಾದ ಕೊಟ್ಟೂರಿನ ಮಕ್ಕಳಿಗೆ ಚಳಿಯೂರಿನ ಆಸೆ ಸಹಜವೇ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದ ಶಿಕ್ಷಕಿಯಾಗಿ, ಅಲ್ಲಿ ಏನನ್ನು ನೋಡಬೇಕು, ಬಂದ ಮೇಲೆ ಇಲ್ಲಿ ಏನು ಮಾಡಬೇಕು ಎಂಬ ಬಗ್ಗೆ ಎರಡು ಮಾತು ಹೇಳಬಯಸುತ್ತೇನೆ.

ಬೆಟ್ಟ ಹತ್ತುವಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಮೇಲೆ ಹೋದರೆ ಸೂರ್ಯ ಹತ್ತಿರ ಆಗ್ತಾನಲ್ವಾ, ಮತ್ತೆ ಚಳಿ ಯಾಕೆ?" ಸೂರ್ಯ ಮೊದಲು ನೆಲವನ್ನು ಕಾಯಿಸುತ್ತಾನೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಅದು ಹಿಗ್ಗಿ ತಣ್ಣಗಾಗುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಉಷ್ಣತೆ ಇಳಿಯುತ್ತದೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಪಕ್ಕದ ದೊಡ್ಡಬೆಟ್ಟ 2,637 ಮೀಟರ್. ತಮಿಳುನಾಡಿನಲ್ಲಿದ್ದರೂ ಆ ಬೆಟ್ಟದ ಹೆಸರು ನಮ್ಮ ಕಿವಿಗೆ ಕನ್ನಡವೇ. ಅಲ್ಲಿನ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಮೆಟ್ಟುಪಾಳ್ಯದಿಂದ ಹಲ್ಲುಗಾಲಿಯ ಸಹಾಯದಿಂದ ಬೆಟ್ಟ ಹತ್ತುವ ಪುಟ್ಟ ರೈಲು 1899ರಲ್ಲಿ ಕೂನೂರು ಮುಟ್ಟಿತು, 1908ರಲ್ಲಿ ಊಟಿ ಮುಟ್ಟಿತು. 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಇನ್ನು ಚಹಾ. ಉರ್ದುವಿನ ಚಾಯ್, ಕನ್ನಡದ ಚಹಾ, ಇಂಗ್ಲಿಷಿನ ಟೀ ಮೂರೂ ಚೀನಾದಿಂದ ಬಂದ ಮಾತುಗಳೇ. ಬಿಟ್ಟರೆ ಮರವಾಗಿ ಬೆಳೆಯುವ ಈ ಗಿಡವನ್ನು ಸವರಿ ಸವರಿ ಸೊಂಟದೆತ್ತರಕ್ಕೆ ನಿಲ್ಲಿಸುತ್ತಾರೆ. ಒಳ್ಳೆಯ ಚಹಾಕ್ಕೆ ಎರಡು ಎಲೆ, ಒಂದು ಮೊಗ್ಗು ಇಷ್ಟೇ ಕೀಳಬೇಕು. ಅದನ್ನು ಬಾಡಿಸಿ, ಹೊಸೆದು, ಗಾಳಿಗೆ ಕಪ್ಪಾಗಲು ಬಿಟ್ಟು, ಒಣಗಿಸಿದರೆ ನಮ್ಮ ಮಂಡಕ್ಕಿ-ಮಿರ್ಚಿಯ ಜೊತೆಗಿನ ಚಹಾಪುಡಿ ಸಿದ್ಧ.

ಫೋಟೋ ತೆಗೆಸಿಕೊಳ್ಳುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಹಸಿರನ್ನು ನೋಡಿ, ಅದರ ನಡುವೆ ಬಾಗಿ ನಿಂತವರನ್ನೂ ನೋಡಿ. ಎಲೆ ಕೀಳುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರಲ್ಲಿ ಅನೇಕರ ಹಿರಿಯರನ್ನು ಬ್ರಿಟಿಷರ ಕಾಲದಲ್ಲಿ ಸಿಂಹಳದ ತೋಟಗಳಿಗೆ ಕೂಲಿಗೆ ಒಯ್ದಿದ್ದರು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಪ್ರಕಾರ 5,25,000 ಜನರನ್ನು ಮರಳಿ ಪಡೆಯಲು ಭಾರತ ಒಪ್ಪಿತು. ಹಾಗೆ ಬಂದವರಿಗಾಗಿ ತಮಿಳುನಾಡು ಸರ್ಕಾರ 1968ರಿಂದ ನೀಲಗಿರಿಯಲ್ಲಿ ಚಹಾ ತೋಟಗಳನ್ನು ಬೆಳೆಸಿತು. ತೋಟದಿಂದ ತೋಟಕ್ಕೆ ಅಲೆದ ಆ ಕುಟುಂಬಗಳ ಮಕ್ಕಳ ಓದು ಏನಾಗಿರಬೇಕು, ಯೋಚಿಸಿ.

ಯೋಚಿಸಲು ನೀಲಗಿರಿಯವರೆಗೆ ಹೋಗಬೇಕಾಗಿಲ್ಲ. ಕೂಡ್ಲಿಗಿ, ಹರಪನಹಳ್ಳಿ, ಕೊಟ್ಟೂರು ಭಾಗದಿಂದ ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಗುಳೆ ಹೋಗುವುದು ನಮಗೆಲ್ಲ ಗೊತ್ತು. ಕಾಫಿ ಕೊಯ್ಲು ಶಾಲೆ ನಡೆಯುವ ತಿಂಗಳುಗಳಲ್ಲೇ ಬರುತ್ತದೆ. ಆಗ ತರಗತಿಯಲ್ಲಿ ಕೆಲವು ಜಾಗ ಖಾಲಿಯಾಗುತ್ತವೆ. ಪ್ರವಾಸಕ್ಕೆ ದುಡ್ಡು ಕೊಡಲಾಗದ ಆ ಮಗು ನಮಗಿಂತ ಮೊದಲೇ ಬೆಟ್ಟ ನೋಡಿರುತ್ತದೆ, ಆದರೆ ಪ್ರವಾಸಿಯಾಗಿ ಅಲ್ಲ.

ಆದ್ದರಿಂದ ನನ್ನ ಬಿನ್ನಹ ಮೂರು. ಒಂದು, ಗುಳೆ ಹೋಗುವ ಪೋಷಕರು ಹೇಳದೆ ಹೋಗಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವಿನ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಎರಡು, ಅಜ್ಜ-ಅಜ್ಜಿಯರ ಬಳಿ ಉಳಿಯುವ ಮಕ್ಕಳಿಗೆ ಆ ನಾಲ್ಕು ತಿಂಗಳು ಸಂಜೆ ಪಾಠ, ರಾತ್ರಿ ಊಟದ ಹೊಣೆಯನ್ನು ನಮ್ಮ ಸಂಘ ಹೊರಲಿ. ಯಾವ ಜಾತಿ, ಯಾವ ಮತ ಎಂದು ಕೇಳುವುದು ಬೇಡ. ಮೂರು, ಮರಳಿ ಬಂದ ಮಗುವನ್ನು "ಎಲ್ಲಿ ಹೋಗಿದ್ದೆ?" ಎಂದು ಗದರಿಸದೆ, ಬಿಟ್ಟುಹೋದ ಪಾಠವನ್ನು ಒಂದು ತಿಂಗಳು ಪ್ರತ್ಯೇಕವಾಗಿ ಹೇಳಿಕೊಡೋಣ. ಈ ಕೆಲಸಕ್ಕೆ ನಾನು ದಿನಕ್ಕೊಂದು ಗಂಟೆ ಕೊಡಲು ಸಿದ್ಧಳಿದ್ದೇನೆ.

ಊಟಿಗೆ ಹೋಗಿ ಬನ್ನಿ ಮಕ್ಕಳೇ, ಸ್ವೆಟರ್ ಮರೆಯಬೇಡಿ. ಬಂದ ಮೇಲೆ ನಿಮ್ಮ ಪಕ್ಕದ ಜಾಗ ಖಾಲಿ ಇದ್ದರೆ, ಅಲ್ಲಿ ಕೂರುತ್ತಿದ್ದವರು ಎಲ್ಲಿದ್ದಾರೆಂದು ನಮಗೆ ಬಂದು ಹೇಳಿ.