ಪರಂಪರೆಯ ಪಾಲನೆಯೂ ಯಾತ್ರಿಕರ ಸೇವೆಯೂ

(ಶೆಟ್ಟಿಹಳ್ಳಿಯ ಭಕ್ತಸಭೆಯಲ್ಲಿ ನಡೆದ ಉಪನ್ಯಾಸ)



ಮಠವೆಂಬುದು ದಾರಿಹೋಕನಿಗೆ ತೆರೆದಿರುವ ಬಾಗಿಲು. ಬಂದವನು ಯಾವ ಊರಿನವನು, ಯಾವ ಮನೆತನದವನು ಎಂದು ವಿಚಾರಿಸುವುದಕ್ಕೆ ಮುಂಚೆ ಅವನ ಕಾಲಿಗೆ ನೀರನ್ನೂ ಹಸಿವಿಗೆ ಪ್ರಸಾದವನ್ನೂ ಕೊಡತಕ್ಕದ್ದೆಂಬುದು ಈ ನಾಡಿನಲ್ಲಿ ಬಹುಕಾಲದಿಂದ ನಡೆದು ಬಂದಿರುವ ಮರ್ಯಾದೆ. ಹಾಗೆಯೇ ಹಿರಿಯರು ಬಿಟ್ಟುಹೋದ ಓಲೆಗರಿಯನ್ನೂ ಗದ್ದುಗೆಯನ್ನೂ ಕೆರೆಬಾವಿಗಳನ್ನೂ ಕಾಪಾಡುವುದು ಮಠದ ಭಕ್ತರಿಗೆ ಹೊಸದಾಗಿ ಕಲಿಸಬೇಕಾದ ಪಾಠವಲ್ಲ. ಈ ಎರಡು ಹಳೆಯ ಧರ್ಮಗಳನ್ನು ಇಂದಿನ ಪ್ರಪಂಚವು ಒಂದುಗೂಡಿಸಿ ವಿದ್ಯೆಯನ್ನಾಗಿಯೂ ವೃತ್ತಿಯನ್ನಾಗಿಯೂ ಮಾಡಿಕೊಂಡಿದೆ. ಅದಕ್ಕೆ ಸುಸ್ಥಿರ ಪ್ರವಾಸೋದ್ಯಮವೆಂದೂ ಸಾಂಸ್ಕೃತಿಕ ಪರಂಪರೆಯ ನಿರ್ವಹಣೆಯೆಂದೂ ಹೆಸರು. ಇಂದು ಬಂದು ನೋಡುವವನ ಸಂತೋಷಕ್ಕಾಗಿ ನಾಳೆ ಹುಟ್ಟುವವನ ಪಾಲು ಕೆಡಬಾರದು, ಅಲ್ಲಿಯೇ ಬಾಳುವವನ ಅನ್ನಕ್ಕೂ ಕುಂದು ಬರಬಾರದು ಎಂಬುದೇ ಸುಸ್ಥಿರವೆಂಬ ಮಾತಿನ ತಾತ್ಪರ್ಯ.

ಶೆಟ್ಟಿಹಳ್ಳಿಯಲ್ಲಿ ಈ ವಿಷಯವನ್ನೆತ್ತುವುದಕ್ಕೆ ಕಾರಣವುಂಟು. ಜಾಲಹಳ್ಳಿ, ಪೀಣ್ಯಗಳ ಕಾರ್ಖಾನೆಗಳು ಬೆಳೆದವು. ನಗರವು ಹಬ್ಬುತ್ತ ಬಂದು ಹಳ್ಳಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ೨೦೦೮ರಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ದೇಶದೇಶಗಳ ಜನರು ಬಂದಿಳಿಯುತ್ತಿರುವರು. ಇಂತಹ ಊರಿನ ಓದಿದ ತರುಣನೋ ತರುಣಿಯೋ ಪರಂಪರೆಯ ಪಾಲನೆಯನ್ನು ವೃತ್ತಿಯಾಗಿ ಹಿಡಿದು ಹೊರದೇಶದವರೆಗೂ ಹೋಗಬೇಕೆಂದು ಬಯಸಿದರೆ, ಮನೆಯ ಹಿರಿಯರು, “ಕಲ್ಲು ಕಾಯುವುದರಿಂದ ಹೊಟ್ಟೆ ತುಂಬೀತೆ, ಮಗು?” ಎಂದು ಕೇಳುವರು. ಈ ಪ್ರಶ್ನೆಯನ್ನು ನಗೆಯಾಡಿ ತಳ್ಳಿಬಿಡುವುದು ಉಚಿತವಲ್ಲ. ಸಾಲ ಮಾಡಿ ಮಕ್ಕಳನ್ನು ಓದಿಸಿದವರ ಪ್ರಶ್ನೆಯದು. ಈ ವೃತ್ತಿಯಲ್ಲಿ ಸ್ಥಿರವಾದ ಹುದ್ದೆಗಳು ಕಡಮೆ. ಅನೇಕ ಕೆಲಸಗಳು ಒಂದೆರಡು ವರ್ಷದ ಕರಾರಿನವು. ಹೊರದೇಶದ ಸಂಸ್ಥೆಗಳಲ್ಲಿ ಒಂದು ಸ್ಥಾನಕ್ಕೆ ಬಹುಮಂದಿ ಸ್ಪರ್ಧಿಸುವರು. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಧರ್ಮವಲ್ಲ.

ಹಾಗಾದರೆ ಅಷ್ಟು ಮಂದಿಯಲ್ಲಿ ಯಾರಿಗೆ ಬೆಲೆ? ತನ್ನ ಊರಿನ ಕಲ್ಲನ್ನು ಓದಬಲ್ಲವನಿಗೆ, ಆ ಕಲ್ಲಿನ ನೆರಳಿನಲ್ಲಿ ಬಾಳುವ ನೆರೆಯವನ ಕಷ್ಟವನ್ನು ತಿಳಿದವನಿಗೆ. ಪದವಿಪತ್ರವು ಬಾಗಿಲವರೆಗೆ ಕರೆದುಕೊಂಡು ಹೋಗುವುದು. ಒಳಗೆ ಕೂರಿಸುವುದು ಈ ಎರಡು ಬಲಗಳೇ.

ಮೊದಲನೆಯ ಬಲಕ್ಕೆ ಸಮೀಪದಲ್ಲಿಯೇ ದೃಷ್ಟಾಂತವಿದೆ. ೨೦೧೮ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುತ್ತಿರುವಾಗ ಒಂದು ವೀರಗಲ್ಲು ದೊರೆಯಿತು. ಗಂಗರ ಶ್ರೀಪುರುಷನ ಕಾಲದ, ಅಂದರೆ ಕ್ರಿ. ಶ. ೭೫೦ರ ಸುಮಾರಿನ ಆ ಶಾಸನದಲ್ಲಿ ಕಿತ್ತಯ್ಯನೆಂಬ ವೀರನ ಹೆಸರಿದೆ. ಬೆಂಗಳೂರಿನಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲಿ ಅದು ಅತ್ಯಂತ ಹಳೆಯವುಗಳಲ್ಲೊಂದು. ಕಲ್ಲನ್ನು ಕಂಡವರಲ್ಲಿ ಅದರ ಬೆಲೆಯನ್ನರಿತವರು ಇಲ್ಲದೆ ಹೋಗಿದ್ದರೆ ಅದು ಯಾವುದೋ ಮನೆಯ ಪಾಯಕ್ಕೆ ಸೇರಿಹೋಗುತ್ತಿತ್ತು. ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಊರೂರುಗಳ ಸುಮಾರು ೯,೦೦೦ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಮಾಡಿಸಿದರು. ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಹುಡುಕುತ್ತ ಹೋದರೆ, ಎಷ್ಟೋ ಕಡೆ ಅಕ್ಷರವು ಪುಸ್ತಕದಲ್ಲಿ ಉಳಿದಿದ್ದು ಕಲ್ಲು ಕಾಣೆಯಾಗಿರುವುದು. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಉಳಿದಿರುವ ಶಾಸನಗಳನ್ನು ೨೦೨೧ರಿಂದ ಹೊಸ ಯಂತ್ರಗಳ ಮೂಲಕ ಮೂರು ಆಯಾಮಗಳ ಪ್ರತಿರೂಪಗಳಲ್ಲಿ ದಾಖಲಿಸುವ ಕಾರ್ಯವನ್ನು ಕೈಕೊಂಡಿತು. ಹೆಬ್ಬಾಳವು ಶೆಟ್ಟಿಹಳ್ಳಿಗೆ ದೂರವಲ್ಲ. ವಿದ್ಯಾರ್ಥಿಯ ಪಾಠಶಾಲೆಯು ಅಲ್ಲಿಂದಲೇ ಮೊದಲಾಗಬಹುದು.

ಎರಡನೆಯ ಬಲವನ್ನು ಅರಿಯಬೇಕಾದವರು ಹಂಪೆಯ ಕಥೆಯನ್ನು ಮನಸ್ಸಿಟ್ಟು ಕೇಳಬೇಕು. ೧೯೮೬ರಲ್ಲಿ ಹಂಪೆಯು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹೊಳೆಯ ಆಚೆಯ ಆನೆಗೊಂದಿಯ ಜನರಾದರೋ ಹರಿಗೋಲಿನಲ್ಲಿ ಕುಳಿತೇ ದಾಟಬೇಕಾಗಿತ್ತು. ಮಳೆಗಾಲದಲ್ಲಿ ತುಂಗಭದ್ರೆಯು ತುಂಬಿ ಹರಿದರೆ ಅದೂ ಇಲ್ಲ. ಆದುದರಿಂದ ಸೇತುವೆಯ ಕೆಲಸ ಮೊದಲಾಯಿತು. ಆ ಹೊಸ ಸೇತುವೆಗಳು ಪುರಾತನ ನೆಲೆಯ ಸ್ವರೂಪವನ್ನೇ ಕೆಡಿಸುವುವೆಂದು ಹೇಳಿ ೧೯೯೯ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೆ ಸೇರಿಸಿದರು. ೨೦೦೨ರಲ್ಲಿ ಕರ್ನಾಟಕ ಸರ್ಕಾರವು ಹಂಪೆಯ ನಿರ್ವಹಣೆಗಾಗಿಯೇ ಒಂದು ಪ್ರಾಧಿಕಾರದ ಕಾನೂನನ್ನು ಮಾಡಿತು. ೨೦೦೬ರಲ್ಲಿ ಹಂಪೆಯ ಹೆಸರು ಅಪಾಯದ ಪಟ್ಟಿಯಿಂದ ಹೊರಬಂದಿತು. ಮುಂದೆ ೨೦೦೯ರ ಜನವರಿಯಲ್ಲಿ, ಕಟ್ಟುತ್ತಿದ್ದ ಆನೆಗೊಂದಿಯ ಸೇತುವೆಯು ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು.

ವಿರೂಪಾಕ್ಷನ ಗುಡಿಯ ಮುಂದಿನ ಬೀದಿಯ ಹಳೆಯ ಮಂಟಪಗಳಲ್ಲಿ ನೂರಾರು ಕುಟುಂಬಗಳು ಮನೆ ಅಂಗಡಿಗಳನ್ನು ಮಾಡಿಕೊಂಡು, ಬಂದ ಯಾತ್ರಿಕರಿಗೆ ಊಟ ವಸತಿಗಳನ್ನು ಒದಗಿಸಿ ಬದುಕುತ್ತಿದ್ದವು. ೨೦೧೧ರ ಜುಲೈ ತಿಂಗಳಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. ಮಂಟಪಗಳ ಕಂಬಕ್ಕೆ ಗೋಡೆ ಹಚ್ಚಿ, ಮೇಲೆ ಅಂತಸ್ತು ಏರಿಸಿದ್ದರಿಂದ ಶಿಲ್ಪಕ್ಕೆ ಹಾನಿಯಾಗಿದ್ದುದು ನಿಜ. ಒಂದೇ ಬೆಳಗ್ಗೆ ಯಂತ್ರವು ಬಂದು ಬಾಗಿಲಿಗೆ ನಿಂತಾಗ ಆ ಮನೆಗಳ ತಾಯಂದಿರು ಪಾತ್ರೆ ಪಡಗಗಳನ್ನು ಬೀದಿಗೆ ತಂದಿಟ್ಟುಕೊಂಡದ್ದೂ ಅಷ್ಟೇ ನಿಜ. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ವಸತಿಗೃಹಗಳನ್ನೂ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೨೦೨೦ರಲ್ಲಿ ಕೆಡವಲಾಯಿತು.

ಕಲ್ಲು ದೊಡ್ಡದೋ ಮನುಷ್ಯನು ದೊಡ್ಡವನೋ ಎಂದು ಇಲ್ಲಿ ಕೆಲವರು ಕೇಳುವರು. ಪ್ರಶ್ನೆಯನ್ನು ಹಾಗೆ ಇಡುವುದೇ ತಪ್ಪು. ಮೊದಲನೆಯ ಅಂಗಡಿಯು ಮಂಟಪದೊಳಗೆ ಬಂದ ದಿನವೇ ಆ ಕುಟುಂಬದೊಡನೆ ಕುಳಿತು ಮಾತಾಡಿ, ಬೇರೆ ನೆಲವನ್ನೂ ಬೇರೆ ಜೀವನವನ್ನೂ ತೋರಿಸಬಲ್ಲ ಒಬ್ಬ ಮನುಷ್ಯನು ಅಲ್ಲಿದ್ದಿದ್ದರೆ, ಯಂತ್ರವು ಬರುವ ಪ್ರಮೇಯವೇ ಇರುತ್ತಿರಲಿಲ್ಲ. ಅಂತಹ ಮನುಷ್ಯನನ್ನು ತಯಾರು ಮಾಡುವುದೇ ಈ ವಿದ್ಯೆಯ ಪ್ರಯೋಜನ. ಆನೆಗೊಂದಿಯಲ್ಲಿ ೧೯೯೭ರಲ್ಲಿ ಶಮಾ ಪವಾರ್ ಅವರು ಸ್ಥಾಪಿಸಿದ ಕಿಷ್ಕಿಂಧಾ ಟ್ರಸ್ಟ್ ಇದಕ್ಕೆ ಒಂದು ದಾರಿಯನ್ನು ತೋರಿಸಿತು. ಬಾಳೆಯ ತೋಟಗಳಲ್ಲಿ ವ್ಯರ್ಥವಾಗುತ್ತಿದ್ದ ದಿಂಡಿನ ನಾರಿನಿಂದ ಚೀಲ, ಬುಟ್ಟಿ ಮೊದಲಾದ ವಸ್ತುಗಳನ್ನು ಹೆಣೆಯುವುದನ್ನು ಊರಿನ ಹೆಣ್ಣುಮಕ್ಕಳು ಕಲಿತರು. ಹಳೆಯ ಮನೆಗಳನ್ನು ಕೆಡವದೆ ದುರಸ್ತು ಮಾಡಿ ಅತಿಥಿಗಳಿಗೆ ಬಿಡಾರವನ್ನಾಗಿ ಮಾಡಲಾಯಿತು. ಯಾತ್ರಿಕನ ಹಣವು ಹೀಗೆ ಊರಿನೊಳಗೇ ಉಳಿದರೆ, ಊರು ತನ್ನ ಕಲ್ಲನ್ನು ತಾನೇ ಕಾಯುವುದು.

ಇಲ್ಲಿ ಕಲಿತ ವಿದ್ಯೆಯು ಹೊರದೇಶದಲ್ಲಿ ನಡೆಯುವುದೇ ಎಂದರೆ, ನಡೆದಿದೆ. ಭಾರತದ ಪುರಾತತ್ವ ಇಲಾಖೆಯವರು ಅಫ್ಘಾನಿಸ್ತಾನದ ಬಾಮಿಯಾನ್ ಬುದ್ಧಮೂರ್ತಿಗಳನ್ನು ೧೯೬೯ರಿಂದ ೧೯೭೭ರವರೆಗೆ ದುರಸ್ತು ಮಾಡಿದರು. ೨೦೦೧ರಲ್ಲಿ ಆ ಮೂರ್ತಿಗಳನ್ನು ಸಿಡಿಮದ್ದಿಟ್ಟು ಒಡೆದುಹಾಕಿದರು. ಕಾಂಬೋಡಿಯದ ಅಂಗ್‌ಕೋರ್ ವಾಟ್ ದೇವಾಲಯದಲ್ಲಿ ೧೯೮೬ರಿಂದ ೧೯೯೩ರವರೆಗೆ, ಅಂತರ್ಯುದ್ಧದ ನಡುವೆಯೇ, ಭಾರತದ ತಂಡವು ದುಡಿಯಿತು. ಅಲ್ಲಿ ಕಲ್ಲನ್ನು ರಾಸಾಯನಿಕ ದ್ರವ್ಯಗಳಿಂದ ತೊಳೆದ ಕ್ರಮವನ್ನು ಪರದೇಶದ ಪಂಡಿತರು ಆಕ್ಷೇಪಿಸಿದರೆಂಬುದನ್ನೂ ಮರೆಯಲಾಗದು. ಮುಂದೆ ತಾ ಪ್ರೋಮ್ ಗುಡಿಯಲ್ಲಿ, ಗೋಡೆಗಳನ್ನು ಬೇರಿನಿಂದ ಅಪ್ಪಿಕೊಂಡಿರುವ ಮಹಾವೃಕ್ಷಗಳನ್ನು ಕಡಿಯದೆ, ಮರವನ್ನೂ ಕಲ್ಲನ್ನೂ ಒಟ್ಟಿಗೆ ಉಳಿಸಿ, ಯಾತ್ರಿಕರು ನಡೆಯುವುದಕ್ಕೆ ಮರದ ಹಲಗೆಯ ದಾರಿಗಳನ್ನು ಮಾಡಿದರು. ತಪ್ಪಿನಿಂದ ಕಲಿಯುವವರಿಗೆ ವಿದ್ಯೆಯು ಬೆಳೆಯುತ್ತದೆ.

ಅಂಗ್‌ಕೋರದ ಕಾರ್ಯವು ಮೊದಲಾದಾಗ ಆ ಇಲಾಖೆಯ ಮಹಾನಿರ್ದೇಶಕರಾಗಿದ್ದವರು ಕನ್ನಡ ನಾಡಿನ ಡಾ. ಎಂ. ಎಸ್. ನಾಗರಾಜರಾವ್. ಅವರು ಬಳ್ಳಾರಿ ಸೀಮೆಯ ತೆಕ್ಕಲಕೋಟೆಯ ಬೆಟ್ಟದಲ್ಲಿ ಶಿಲಾಯುಗದ ಜನರ ನೆಲೆಯನ್ನು ಅಗೆದು ಶೋಧಿಸಿದವರು. ಹಂಪೆಯ ಉತ್ಖನನದಲ್ಲಿ ದುಡಿದವರು. ಅವರಿಗಿಂತಲೂ ಮುಂಚೆ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಲಂಡನ್ನಿಗೆ ಹೋಗಿ ಡಿ. ಲಿಟ್. ಪದವಿಯನ್ನು ಪಡೆದರೂ, ಮರಳಿ ಬಂದು ಚಂದ್ರವಳ್ಳಿ, ಬ್ರಹ್ಮಗಿರಿಗಳ ಮಣ್ಣಿನಲ್ಲಿ ಕೈಯಿಟ್ಟರು. ದೂರದ ಕೀರ್ತಿಗೆ ಸಮೀಪದ ದುಡಿಮೆಯೇ ಬೇರೆಂಬುದಕ್ಕೆ ಇವರಿಬ್ಬರೇ ಸಾಕ್ಷಿ.

ವಿದ್ಯಾರ್ಥಿಯು ಹಿಡಿಯತಕ್ಕ ದಾರಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗಿದೆ. ಮೊದಲು ಇತಿಹಾಸ, ವಾಸ್ತುಶಿಲ್ಪ, ಪುರಾತತ್ವ, ರಸಾಯನಶಾಸ್ತ್ರಗಳಲ್ಲಿ ಒಂದನ್ನು ಆಳವಾಗಿ ಓದತಕ್ಕದ್ದು. ಅದರೊಡನೆ ಹಳಗನ್ನಡದ ಲಿಪಿಯನ್ನು ಓದಲು ಕಲಿಯತಕ್ಕದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರದ ತರಗತಿಯಂತಹ ಸೌಕರ್ಯವು ಬೆಂಗಳೂರಿನಲ್ಲಿಯೇ ಉಂಟು. ಹಂಪೆಯ ಬಳಿ ಕನ್ನಡ ವಿಶ್ವವಿದ್ಯಾಲಯವಿದೆ. ಎರಡು ಮೂರು ವರ್ಷ ಒಂದು ಸ್ಥಳದಲ್ಲಿ ನಿಂತು, ಗಾರೆ ಕೆಲಸದವನಿಂದಲೂ ಕಲ್ಲುಕುಟಿಗನಿಂದಲೂ ಪೂಜಾರಿಯಿಂದಲೂ ಅಂಗಡಿಯವನಿಂದಲೂ ಪಾಠ ಹೇಳಿಸಿಕೊಳ್ಳತಕ್ಕದ್ದು. ಆಮೇಲೆ ಹೊರದೇಶದ ವಿದ್ಯಾಪೀಠಗಳು. ರೋಮ್ ನಗರದಲ್ಲಿ ಪರಂಪರೆಯ ಸಂರಕ್ಷಣೆಯನ್ನು ಕಲಿಸುವ ಇಕ್ರೋಮ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಿದೆ. ಅದನ್ನು ಸ್ಥಾಪಿಸಬೇಕೆಂಬ ನಿರ್ಣಯವಾದದ್ದು ೧೯೫೬ರಲ್ಲಿ, ಹೊಸದಿಲ್ಲಿಯಲ್ಲಿ ಸೇರಿದ ಯುನೆಸ್ಕೋ ಮಹಾಸಭೆಯಲ್ಲಿ. ೨೦೨೩ರಲ್ಲಿ ಬೇಲೂರು, ಹಳೆಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ, ಯಾತ್ರಿಕರ ಸಂದಣಿಯನ್ನೂ ಊರಿನ ನೀರು, ಕಸ, ದಾರಿಗಳನ್ನೂ ಜೊತೆಯಾಗಿ ಯೋಚಿಸಬಲ್ಲವರ ಅವಶ್ಯಕತೆಯು ಮನೆಯ ಬಾಗಿಲಿಗೇ ಬಂದಿದೆ.

ಇದರಲ್ಲಿ ಮಠದ ಭಕ್ತರ ಕರ್ತವ್ಯವೂ ಉಂಟು. ಫ. ಗು. ಹಳಕಟ್ಟಿಯವರು ಬಿಜಾಪುರದಲ್ಲಿ ವಕೀಲರಾಗಿದ್ದುಕೊಂಡು, ಮನೆಮನೆಗಳ ಮತ್ತು ಮಠಗಳ ಓಲೆಗರಿಗಳನ್ನು ಹುಡುಕಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ೧೯೨೫ರಲ್ಲಿ ತಮ್ಮದೇ ಮುದ್ರಣಾಲಯವನ್ನು ಸ್ಥಾಪಿಸಿದರು. ಅವರ ಕೈಗೆ ಸೇರದೆ ಗೆದ್ದಲಿಗೆ ಸೇರಿದ ಗರಿಗಳ ಲೆಕ್ಕವನ್ನು ಬಲ್ಲವರಿಲ್ಲ. ಕೂಡಲಸಂಗಮದಲ್ಲಿ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರಿದಾಗ, ಬಸವಣ್ಣನವರ ಐಕ್ಯಸ್ಥಳದ ಸುತ್ತಲೂ ಬಾವಿಯಂತೆ ಗೋಡೆಯನ್ನೆತ್ತಿ ಅದನ್ನು ನೀರಿನಿಂದ ಕಾಪಾಡಿದರು. ಮೆಟ್ಟಿಲಿಳಿದು ಅಲ್ಲಿಗೆ ಹೋಗುವ ಭಕ್ತನು ತನ್ನ ಸುತ್ತಲೂ ಹೊಳೆ ನಿಂತಿರುವುದನ್ನು ನೆನೆದರೆ, ಪರಂಪರೆಯ ಪಾಲನೆಯೆಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ. ಜಾತ್ರೆಯಲ್ಲಿ ಪ್ಲಾಸ್ಟಿಕ್ಕಿನ ತಟ್ಟೆಗೆ ಬದಲು ಮುತ್ತುಗದ ಎಲೆಯನ್ನೂ ಅಡಕೆಯ ಹಾಳೆಯನ್ನೂ ಬಳಸುವುದು, ಶಾಸನದ ಕಲ್ಲಿಗೆ ಬಣ್ಣ ಬಳಿಯದಿರುವುದು, ಹಳೆಯ ಗರಿಗಳನ್ನು ಬಲ್ಲವರಿಗೆ ತೋರಿಸಿ ಪ್ರತಿ ಮಾಡಿಸುವುದು, ಇವೆಲ್ಲವೂ ಇಂದಿನಿಂದಲೇ ಮಾಡಬಹುದಾದ ದಾಸೋಹ.

ಇನ್ನು ಆ ಹಿರಿಯರ ಪ್ರಶ್ನೆ. ಕಲ್ಲು ಕಾಯುವುದರಿಂದ ಹೊಟ್ಟೆ ತುಂಬೀತೆ? ಕಲ್ಲನ್ನು ಮಾತ್ರ ಕಾಯುವವನಿಗೆ ಕಷ್ಟ. ಕಲ್ಲನ್ನು ಓದಿ, ಅದರ ಬಳಿಯ ಜನರ ಹೊಟ್ಟೆಯನ್ನೂ ನೆನೆಯುವವನ ಕಾಯಕವು ಹಂಪೆಗೂ ಬೇಕು, ಕಾಂಬೋಡಿಯಕ್ಕೂ ಬೇಕು. ಅವನ ತುತ್ತು ತಡವಾಗಿ ಬಂದರೂ ತಪ್ಪದೆ ಬರುವುದು. ಮಗನೋ ಮಗಳೋ ಈ ದಾರಿಯನ್ನು ಕೇಳಿದರೆ ಕೂಡಲೇ ಒಲ್ಲೆನೆನ್ನದೆ, ಒಂದು ಭಾನುವಾರ ಜೊತೆಯಲ್ಲಿ ಹೆಬ್ಬಾಳಕ್ಕೆ ಹೋಗಿ ಕಿತ್ತಯ್ಯನ ಕಲ್ಲಿನ ಮುಂದೆ ನಿಂತು ಬರೋಣವಾಗಲಿ. ಅಲ್ಲಿಂದ ಮುಂದಿನ ಮಾತನ್ನು ಮಕ್ಕಳೇ ಆಡಿಯಾರು.